ತಮ್ಮನ ಮನೆಯ ಕಸ

ಜರ್ಮನಿಗೆ ಹೋಗಿ ಬಂದವಳೆಂದು ಗೊತ್ತಾದರೆ ಜನ ಮೊದಲು ಕೇಳುವುದು, ಅಲ್ಲಿ ಏನೇನು ನೋಡಿದಿರಿ ಎಂದು. ನಾನು ಹೆಚ್ಚಾಗಿ ನೋಡಿದ್ದು ಕಸ. ಹಾಗೆ ಹೇಳಿದರೆ ಚೇಷ್ಟೆ ಮಾಡುತ್ತಿದ್ದೇನೆ ಎಂದು ತಿಳಿಯುತ್ತಾರೆ. ಚೇಷ್ಟೆಯಲ್ಲ. ಒಂದು ಇಡೀ ಚಳಿಗಾಲವನ್ನು ನಾನು ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರೊಂದರಲ್ಲಿ, ಎರಡನೆಯ ಮಹಡಿಯ ಬಾಲ್ಕನಿಯಲ್ಲಿ, ಮಂಕಿ ಟೊಪ್ಪಿಗೆ ಹಾಕಿಕೊಂಡು, ಕಸ ಆರಿಸುತ್ತ ಕಳೆದೆ. ನದಿಯ ದಂಡೆಗೆ ಒಂದು ಹಳೆಯ ಚರ್ಚು ಇತ್ತು. ಅದರ ಗಂಟೆ ದಿನಾಲು ಕೇಳುತ್ತಿತ್ತು. ಒಳಗೆ ಹೋಗಿ ನೋಡಲು ಪುರಸೊತ್ತಾಗಲಿಲ್ಲ.

ಹೊರಡುವ ಮೊದಲು

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ. ಮದುವೆಯಾಗದ ಹೆಣ್ಣುಮಗಳು ಮನೆಯಲ್ಲಿದ್ದರೆ, ಬಳಗದಲ್ಲಿ ಯಾರಿಗೆ ಜಡ್ಡಾದರೂ ಅವಳಿಗೇ ಕರೆ ಬರುತ್ತದೆ. ಸವದತ್ತಿಯ ಸೋದರಮಾವನಿಗೆ ಲಕ್ವ ಹೊಡೆದಾಗ ರಜೆ ಹಾಕಿ ಹೋದವಳು ನಾನು. ಕಿತ್ತೂರಿನ ಚಿಕ್ಕಮ್ಮನ ಕಣ್ಣಿನ ಆಪರೇಷನ್ನಿಗೆ ಹೋದವಳೂ ನಾನೇ. ಕೊನೆಗೆ ಅವ್ವ ಹಾಸಿಗೆ ಹಿಡಿದಳು. ಅವಳನ್ನು ಎತ್ತಿ ಕೂಡಿಸುವುದು, ಮಲಗಿಸುವುದು, ತೊಳೆಯುವುದು, ಇಷ್ಟರಲ್ಲೇ ನನ್ನ ವರ್ಷಗಳು ಹೋದವು. ಅವಳು ತೀರಿಕೊಂಡ ಮೇಲೆ ನಾನು ಅತ್ತದ್ದಕ್ಕಿಂತ ಹೆಚ್ಚು ಮಲಗಿದ್ದೇನೆ. ಆದರೂ ದಣಿವು ಹೋಗಿರಲಿಲ್ಲ. ಅಷ್ಟರಲ್ಲಿ ಫೋನು ಬಂತು.

ಫೋನು ಬಂದದ್ದು ನಮ್ಮ ಅಣ್ಣನ ಅಡತಿ ಅಂಗಡಿಗೆ. ಅಣ್ಣ ಮಾರುಕಟ್ಟೆಯಿಂದ ನೇರ ಮನೆಗೆ ಬಂದು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತ.

"ನೀಲಾ, ಮಹಾಂತೇಶ ಬಿದ್ದಾನ. ಬರ್ಫದ ಮ್ಯಾಲ ಕಾಲು ಜಾರೇತಿ. ತೊಡಿ ಎಲಬು ಮುರದು ಆಪರೇಷನ್ ಮಾಡ್ಯಾರಂತ. ಯಾರರ ಹೋಗಬೇಕಲ್ಲ."

"ಯಾರರ ಅಂದ್ರ ಯಾರು?" ಎಂದೆ.

"ಸಾವಿತ್ರಿ ಬಾಣಂತಿ, ಮೂರು ತಿಂಗಳ ಕೂಸು ಕಟಗೊಂಡು ರಾಮದುರ್ಗದಾಗ ಅದಾಳ. ನನಗ ಹತ್ತಿ ಸೀಜನ್. ಮತ್ತ ಯಾರದಾರ ನೀನ ಹೇಳು?"

ಮಹಾಂತೇಶ ನಮ್ಮ ಕಿರಿಯ ತಮ್ಮ, ಸಾವಿತ್ರಿ ಅವನ ಹೆಂಡತಿ. ಅವನು ಲೇಥು ಯಂತ್ರಗಳನ್ನು ಕಟ್ಟುವ ಕಾರ್ಖಾನೆಯ ಫಿಟ್ಟರ್. ಎರಡು ವರ್ಷದ ಕೆಲಸಕ್ಕೆಂದು ಅವನನ್ನು ಜರ್ಮನಿಗೆ ಕಳಿಸಿದ್ದರು. ಅವನು ಹೋದ ಕೆಲವೇ ವಾರಗಳಲ್ಲಿ ಅವ್ವ ಹೋದಳು. ಅವನು ಮಣ್ಣಿಗೆ ಬರಲಿಲ್ಲ. "ರಜಾ ಸಿಗಲಿಲ್ಲ" ಎಂದಷ್ಟೇ ಫೋನಿನಲ್ಲಿ ಹೇಳಿದ. ಅಂದಿನಿಂದ ನಾನು ಅವನೊಡನೆ ಹೆಚ್ಚು ಮಾತಾಡಿರಲಿಲ್ಲ. ಸಿಟ್ಟು ಗಂಟಾಗಿ ಕುಳಿತಿತ್ತು. ಆ ಗಂಟನ್ನೇ ಇಟ್ಟುಕೊಂಡು ನಾನು ವಿಮಾನ ಹತ್ತಬೇಕಾಯಿತು.

ನಮ್ಮ ವೈನಿ, ಅಣ್ಣನ ಹೆಂಡತಿ, ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಬೆಲ್ಲ ಎಲ್ಲವನ್ನೂ ಕಟ್ಟಿದಳು. ತೆಳ್ಳನೆಯ ಪ್ಲಾಸ್ಟಿಕ್ ಕ್ಯಾರಿಬ್ಯಾಗು ಆಗಷ್ಟೇ ನಮ್ಮ ಪೇಟೆಯನ್ನು ಹೊಕ್ಕಿದ್ದ ಕಾಲ. ಕೈಚೀಲ ಹಿಡಿದು ಸಂತೆಗೆ ಹೋದರೆ ಹಳ್ಳಿಯವರು ಎನ್ನುವಂತಾಗಿತ್ತು. ಎಣ್ಣೆ ಸೋರಬಾರದೆಂದು ವೈನಿ ಒಂದರ ಮೇಲೊಂದು ಕ್ಯಾರಿಬ್ಯಾಗು ಹಾಕಿ, ಗಂಟಿನ ಮೇಲೆ ಗಂಟು ಹಾಕಿದಳು. ಆ ಗಂಟುಗಳನ್ನು ಬಿಚ್ಚುವಾಗ ನನಗೆ ಎಂಥ ಕಷ್ಟ ಕಾದಿದೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ವಿಮಾನ ನಿಲ್ದಾಣ

ಫ್ರಾಂಕ್‌ಫರ್ಟಿನಲ್ಲಿ ಇಳಿದು ಒಂದು ಕಪ್ಪು ಚಹಾ ಕುಡಿದೆ. ಕಾಗದದ ಕಪ್ಪು, ಮೇಲೆ ಪ್ಲಾಸ್ಟಿಕ್ ಮುಚ್ಚಳ, ಒಳಗೆ ದಾರ ಕಟ್ಟಿದ ಚಹಾದ ಪುಡಿಕೆ. ಕುಡಿದಾದ ಮೇಲೆ ಎಸೆಯಲು ಹೋದರೆ ಕಸದ ಡಬ್ಬಿಗೆ ಹಲವು ಬಾಯಿ, ಒಂದೊಂದು ಬಾಯಿಗೂ ಒಂದೊಂದು ಬಣ್ಣ. ಕಪ್ಪು ಯಾವ ಬಾಯಿಗೆ, ಮುಚ್ಚಳ ಯಾವುದಕ್ಕೆ, ಪುಡಿಕೆ ಎಲ್ಲಿಗೆ ಎಂದು ತಿಳಿಯದೆ ನಿಂತೆ. ಹಿಂದೆ ಒಬ್ಬ ಎತ್ತರದ ಗಂಡಸು ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡು ತನ್ನ ಸರದಿಗೆ ಕಾಯುತ್ತಿದ್ದ. ನಾಚಿಕೆಯಾಗಿ ಕಪ್ಪನ್ನು ಹಾಗೇ ಚೀಲಕ್ಕೆ ಹಾಕಿಕೊಂಡೆ. ಚೀಲದಲ್ಲಿ ಅದು ಮಗುಚಿತು. ಪಾಸ್‌ಪೋರ್ಟಿನ ಮೇಲೆ ಇವತ್ತಿಗೂ ಆ ಚಹಾದ ಕಲೆ ಇದೆ.

ನನ್ನನ್ನು ಕರೆದೊಯ್ಯಲು ಮಹಾಂತೇಶನ ಜೊತೆ ಕೆಲಸ ಮಾಡುವ ಹಸನ್ ಎಂಬಾತ ಕಾರು ತಂದಿದ್ದ. ತುರ್ಕಿ ದೇಶದವನು. ಅವನಿಗೆ ಕನ್ನಡ ಬರದು, ನನಗೆ ಜರ್ಮನ್ ಬರದು, ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೆ. ದಾರಿಯಲ್ಲಿ ಅವನು ಕಿಟಕಿ ತೋರಿಸಿ "ಹವಾ" ಎಂದ. ನಾನು ಬೆಚ್ಚಿ ನೋಡಿದೆ. "ಹವಾ? ಥಂಡ ಹವಾ?" ಎಂದೆ. ಅವನು ನಕ್ಕು, "ಚಾಯ್?" ಎಂದ. ಹೂಂ, ಚಹಾ. "ಶೆಕೆರ್?" ಸಕ್ಕರಿ! ಸಾಬೂನು, ಮೈದಾನ, ದುನಿಯಾ, ಹಿಸಾಬು ಎಂದು ಒಂದೊಂದೇ ಶಬ್ದ ಹುಡುಕುತ್ತ ಹೋದೆವು. ಬೈಲಹೊಂಗಲದ ಪೇಟೆಯ ಮಾತು ಈ ದೇಶದ ರಸ್ತೆಯ ಮೇಲೆ ಇಷ್ಟೊಂದು ಸಿಕ್ಕೀತೆಂದು ನಾನು ಅಂದುಕೊಂಡಿರಲಿಲ್ಲ. ಬಂದ ಮೇಲೆ ನಾನು ಮೊದಲ ಸಲ ನಕ್ಕದ್ದು ಆ ಕಾರಿನಲ್ಲಿ. ಬಹಳ ದಿನಗಳ ಮಟ್ಟಿಗೆ ಕೊನೆಯ ಸಲವೂ ಅದೇ.

ಮಹಾಂತೇಶನ ಅಡಿಗೆಮನೆ

ತಮ್ಮ ಮಂಚದ ಮೇಲೆ ಮಲಗಿದ್ದ. ಗಡ್ಡ ಬಿಟ್ಟಿದ್ದ. ಬಾಗಿಲು ತೆರೆದದ್ದೂ ಹಸನನೇ. "ಬಂದಿ ಅಕ್ಕಾ" ಎಂದ ಮಹಾಂತೇಶ. "ಬಂದೆ" ಎಂದೆ. ಅಷ್ಟೇ ಮಾತು. ನಾನು ಕೈಕಾಲು ತೊಳೆದು ಅಡಿಗೆಮನೆಗೆ ಹೋದೆ.

ಒಲೆಯ ಕೆಳಗೆ ಸಾಲಾಗಿ ನಾಲ್ಕು ಡಬ್ಬಿ ಇದ್ದವು. ನಾಲ್ಕೂ ತುಂಬಿ ತುಳುಕುತ್ತಿದ್ದವು. ನಾಲ್ಕರಲ್ಲೂ ಎಲ್ಲ ಬಗೆಯ ಕಸ ಕಲೆತಿತ್ತು. ವಾಸನೆಗೆ ಬಾಲ್ಕನಿಯ ಬಾಗಿಲು ತೆಗೆದೆ. ಅಲ್ಲಿ ಕರಿಯ ಪ್ಲಾಸ್ಟಿಕ್ ಚೀಲಗಳು ಗೋಡೆಯೆತ್ತರ ಒಟ್ಟಿದ್ದವು. ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿದ್ದವು. ಎಂ.ಕೆ. ಹುಬ್ಬಳ್ಳಿಯ ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರು ಮಗುಚಿದಾಗ ಕಬ್ಬು ಹೇಗೆ ಬಿದ್ದಿರುತ್ತದೋ ಹಾಗೆ ಒಂದರ ಮೇಲೊಂದು.

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸಪ್ಪಳವಾಯಿತು. ಎಪ್ಪತ್ತು ದಾಟಿದ ಹೆಂಗಸು, ಬಿಳಿ ಕೂದಲು, ಇಸ್ತ್ರಿ ಮಾಡಿದ ಏಪ್ರನ್ನು. ಮನೆಯ ಒಡತಿ ಫ್ರಾವ್ ಲಿಂಡ್ನರ್. ಫ್ರಾವ್ ಎಂದರೆ ನಮ್ಮಲ್ಲಿ ಬಾಯಾರು ಎಂದ ಹಾಗೆ. ಕೆಳಗಿನ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ನನ್ನ ಕೈ ಕುಲುಕಿದರು. ಆಮೇಲೆ ನಿಂತಲ್ಲಿಂದಲೇ ಮಹಾಂತೇಶನಿಗೆ ಏನೋ ಹೇಳತೊಡಗಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು ಎನಿಸಿತು.

"ಏನಂತಾರ?" ಎಂದೆ.

ತಮ್ಮ ಛತ್ತು ನೋಡುತ್ತ ಹೇಳಿದ: "ಇಲ್ಲಿ ಹಸಿ ಕಸದ ಡಬ್ಬಿ ಇಡೀ ಮನಿಗೆಲ್ಲಾ ಒಂದ. ಅದರಾಗ ಪ್ಲಾಸ್ಟಿಕ್ ಕಂಡ್ರ ಗಾಡಿಯವ್ರು ಒಯ್ಯೂದುಲ್ಲ, ಹಂಗ ಬಿಟ್ಟು ಹೋಗ್ತಾರ. ನನ್ನ ಸಲುವಾಗಿ ಎಷ್ಟೋ ಸಲ ಹಂಗಾಗೇತಿ. ಉಳದ ಮನಿಯವ್ರು ಸಿಟ್ಟಿಗೆದ್ದಾರ. ಈ ತಿಂಗಳ ಕಡೀ ಸಲಾನೂ ಹಂಗಾದ್ರ ಮನಿ ಬಿಡಬೇಕಂತ."

"ಈ ಕಾಲು ಕಟಗೊಂಡು ಎಲ್ಲಿಗೆ ಹೋಗ್ತಿ?"

"ಗೊತ್ತಿಲ್ಲ" ಎಂದ. ನಮ್ಮ ಶಾಲೆಯ ದಡ್ಡ ಹುಡುಗಿಯರು ಹಲಗೆಯ ಮುಂದೆ ನಿಂತು ಹಾಗೆ ಹೇಳುತ್ತಾರೆ, ಉತ್ತರ ಹುಡುಕುವುದನ್ನು ಬಿಟ್ಟವರ ಹಾಗೆ.

ಫ್ರಾವ್ ಲಿಂಡ್ನರ್ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಚಿತ್ರಗಳಿದ್ದವು. ಮೀನಿನ ಮುಳ್ಳು, ತತ್ತಿಯ ಸಿಪ್ಪೆ, ಬಾಟಲಿ, ಡಬ್ಬಿ, ಒಂದೊಂದರಿಂದ ಒಂದೊಂದು ಬಣ್ಣದ ಬಾಣ. ಒಂದನೆಯ ಇಯತ್ತೆಯ ಮಕ್ಕಳಿಗೆ ಕೊಡುವಂಥ ಹಾಳೆ. ನಾನು ಅದನ್ನು ಒಲೆಯ ಮೇಲಿನ ಗೋಡೆಗೆ ಹಚ್ಚಿದೆ.

ಬಾಲ್ಕನಿ

ಆ ಚೀಲಗಳನ್ನು ಹಾಗೇ ಕೆಳಗೆ ಒಯ್ದು ಹಾಕುವಂತಿರಲಿಲ್ಲ. ಒಂದೊಂದನ್ನೂ ಬಿಚ್ಚಿ, ಒಳಗಿನದನ್ನು ಬೇರೆ ಮಾಡಿ, ತೊಳೆಯುವುದನ್ನು ತೊಳೆದು, ನಂತರ ಒಯ್ಯಬೇಕು. ಸೀರೆಯ ಮೇಲೆ ತಮ್ಮನ ಸ್ವೆಟರು ಹಾಕಿ, ಕಾಲಿಗೆ ಅವನ ದಪ್ಪ ಸಾಕ್ಸು ಏರಿಸಿ, ಮಣೆಯ ಹಾಗಿನ ಒಂದು ಸ್ಟೂಲಿನ ಮೇಲೆ ಕುಳಿತೆ. ಬಾಗಿಲು ಅರ್ಧ ತೆರೆದಿದ್ದರಿಂದ ಮಂಚದ ಮೇಲಿದ್ದ ಅವನಿಗೆ ನಾನೂ, ನನಗೆ ಅವನೂ ಕಾಣುತ್ತಿದ್ದೆವು.

"ಅಕ್ಕಾ, ಬಿಡು. ಹಸನಗ ಹೇಳ್ತೇನಿ."

"ಹಸನ ನಿನ್ನ ಕಸಾ ಯಾಕ ಬಳೀಬೇಕು?"

ಮೇಲಿನ ಚೀಲಗಳಲ್ಲಿ ಔಷಧದ ಹಾಳೆ, ಬ್ಯಾಂಡೇಜು, ಆಸ್ಪತ್ರೆಯಿಂದ ಬಂದ ಮೇಲಿನ ಕಸ. ಅದು ಸರಿ. ಕೆಳಗೆ ಹೋದ ಹಾಗೆ ಬೇರೆಯೇ ಹೊರಟಿತು. ಇಡೀ ಇಡೀ ಬ್ರೆಡ್ಡು, ಕವರು ಸಹ ಬಿಚ್ಚಿಲ್ಲ. ಹೆಪ್ಪುಗಟ್ಟಿದ ಅನ್ನದ ಉಂಡೆಗಳು, ಪಾತ್ರೆಯ ಆಕಾರ ಹಿಡಿದುಕೊಂಡೇ ಇದ್ದವು. ಒಂದು ಕೊಳೆತ ಸೊಪ್ಪಿನ ಸಿವುಡು, ಕಟ್ಟಿದ ರಬ್ಬರು ಹಾಗೇ ಇತ್ತು. ನಾನು ಮೊದಲು ಸಿಟ್ಟಿಗೆದ್ದೆ. ಅನ್ನ ಚೆಲ್ಲುವವರನ್ನು ಕಂಡರೆ ನಮ್ಮ ಅವ್ವ ಕೆಂಡವಾಗುತ್ತಿದ್ದಳು. ಹೂಲಿಯ ಹತ್ತಿರದ ಅವಳ ತವರಿನಲ್ಲಿ ಕಸ ಎಂಬುದೇ ಇರಲಿಲ್ಲ. ತಂಗಳು ರೊಟ್ಟಿ ಖಾರ, ಎಣ್ಣೆ ಹಾಕಿ ಕುಟ್ಟಿದ ಮುಟಗಿಯಾಗುತ್ತಿತ್ತು, ಸಿಪ್ಪೆ ಎಮ್ಮೆಗೆ ಹೋಗುತ್ತಿತ್ತು, ಬೂದಿ ಪಾತ್ರೆ ತಿಕ್ಕಲು, ಹರಿದ ಸೀರೆ ಕೌದಿಗೆ, ಒಡೆದ ಗಡಿಗೆ ಕೋಳಿಯ ನೀರಿಗೆ. ಉಳಿದದ್ದು ತಿಪ್ಪೆಗೆ ಹೋಗಿ ಅಲ್ಲಿಂದ ಹೊಲಕ್ಕೆ ಹೋಗುತ್ತಿತ್ತು.

ತಳದ ಚೀಲದಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಪಂಚಮಿಯ ಉಂಡಿ. ಶೇಂಗಾ ಉಂಡಿ, ಅಳ್ಳಿಟ್ಟಿನ ಉಂಡಿ. ಬೂಷ್ಟು ಹಿಡಿದಿದ್ದವು. ಗಂಟು ಹಾಕಿದ ಕೈ ನನಗೆ ಗೊತ್ತಾಯಿತು. ಬಸುರಿ ಸಾವಿತ್ರಿ ರಾಮದುರ್ಗದಿಂದ ಯಾರದೋ ಕೈಯಲ್ಲಿ ಕಳಿಸಿದ್ದಳು. ಅವನು ಒಂದನ್ನೂ ಮುಟ್ಟಿರಲಿಲ್ಲ.

ಪಂಚಮಿ ಬರುವುದು ಶ್ರಾವಣದಲ್ಲಿ. ಅವನು ಬಿದ್ದದ್ದು ಬರ್ಫ ಬಿದ್ದ ಮೇಲೆ. ಕಾಲು ಮುರಿದದ್ದಕ್ಕೆ ಕಸ ಉಳಿದದ್ದಲ್ಲ. ಕಸ ಮೊದಲೇ ಇತ್ತು.

ಉಂಡಿಯ ಗಂಟನ್ನು ಹಿಡಿದುಕೊಂಡು ಒಳಗೆ ಬಂದೆ. ಬೈಯಬೇಕೆಂದೇ ಬಂದೆ. ಅವನು ಗಂಟನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದ.

"ಅವ್ವ ಹ್ವಾದ ಸುದ್ದಿ ಬಂದ ದಿನಾ ನಾ ಕೆಲಸಕ್ಕ ಹ್ವಾದೆ ಅಕ್ಕಾ" ಎಂದ. "ಮಶೀನ್ ಮುಂದ ನಿಂತೆ. ಸಂಜಿಗೆ ಬಂದು ಅನ್ನಾ ಮಾಡಿದೆ. ಗಂಟಲದಾಗ ಇಳೀಲಿಲ್ಲ, ಚೆಲ್ಲಿದೆ. ಮರುದಿನಾನೂ ಮಾಡಿದೆ, ಚೆಲ್ಲಿದೆ. ಆಮ್ಯಾಲ ಮಾಡೂದ ಬಿಟ್ಟೆ. ಬ್ರೆಡ್ ತರ್ತಿದ್ದೆ, ಅದೂ ಹಂಗ ಕುಂದರ್ತಿತ್ತು. ಕೆಳಗ ಕಸಾ ಒಯ್ಯಬೇಕಂದ್ರ ಯಾವ ಡಬ್ಬಿಗೆ ಏನು ಅಂತ ನಿಂತು ವಿಚಾರ ಮಾಡಬೇಕು. ಅಷ್ಟು ವಿಚಾರ ಮಾಡೂ ತ್ರಾಣ ಸುದ್ದಾ ಇರಲಿಲ್ಲ. ಕೈಗೆ ಸಿಕ್ಕ ಡಬ್ಬಿಗೆ ಹಾಕಿದೆ. ಬೈಸಿಕೊಂಡ ಮ್ಯಾಲ ಬಾಲ್ಕನಿಗೆ ಒಗದೆ."

ನಾನು ಮಂಚದ ಅಂಚಿಗೆ ಕುಳಿತೆ. ಕೈಗೆ ಕಸದ ವಾಸನೆ ಹತ್ತಿತ್ತು. ಅದೇ ಕೈಯಿಂದ ಅವನನ್ನು ಮುಟ್ಟಬೇಕೋ ಬೇಡವೋ ತಿಳಿಯಲಿಲ್ಲ.

"ಅವ್ವ ಕಡೀಕ ನನ್ನ ಕೇಳಿದ್ಲೇನು?" ಎಂದ.

ಸುಳ್ಳು ಹೇಳಬಹುದಿತ್ತು. ಕೇಳಿದಳು ಎಂದರೆ ಅವನಿಗೆ ನೋವು, ಕೇಳಲಿಲ್ಲ ಎಂದರೂ ನೋವು. ಇದ್ದದ್ದನ್ನೇ ಹೇಳಿದೆ.

"ಕಡೀ ದಿನದಾಗ ಆಕಿಗೆ ಯಾರ ಗುರ್ತೂ ಇರಲಿಲ್ಲೋ. ನನ್ನ ಸುದ್ದಾ ಯಾರವಾ ನೀ, ಯಾರ ಪೈಕಿ ಅಂತ ಕೇಳ್ತಿದ್ಲು. ಗಂಜಿ ಕುಡಿಸಿದ ಮ್ಯಾಲ ಹೊರಗಿನವರಿಗೆ ಹೇಳಿದಂಗ, ನಿನ್ನ ಉಪಕಾರ ಆತವಾ ಅಂತಿದ್ಲು."

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಣ್ಣನಿಗೂ ಹೇಳಿರಲಿಲ್ಲ. ಅಷ್ಟು ವರ್ಷ ಮಾಡಿದವಳ ಗುರುತು ಉಳಿಯಲಿಲ್ಲ ಎಂದು ಹೇಳಿಕೊಳ್ಳಲು ಮನಸ್ಸು ಬಂದಿರಲಿಲ್ಲ. ಮಹಾಂತೇಶ ತಿರುಗಿ ನನ್ನನ್ನು ನೋಡಿದ. ಆಮೇಲೆ ನನ್ನ ಆ ಗಲೀಜು ಕೈಯನ್ನೇ ಹಿಡಿದುಕೊಂಡು ಅತ್ತ. ನಾನೂ ಅತ್ತೆ. ಬಾಲ್ಕನಿಯ ಬಾಗಿಲು ತೆರೆದೇ ಇತ್ತು, ಮನೆಯೆಲ್ಲ ಥಂಡಿಯಾಗುತ್ತಿತ್ತು. ಮುಚ್ಚಲು ಇಬ್ಬರೂ ಏಳಲಿಲ್ಲ.

ತರಕಾರಿ ಅಂಗಡಿ

ಅವನಿಗೆ ಉಣ್ಣಿಸಬೇಕಿತ್ತು. ಕಸ ಕಡಿಮೆ ಮಾಡಲಿಕ್ಕೂ ನನಗೆ ತಿಳಿದ ಒಂದೇ ಉಪಾಯ ಅದು, ತಂದದ್ದೆಲ್ಲ ಹೊಟ್ಟೆಗೆ ಹೋಗಬೇಕು. ಹಸನನ ಜೊತೆ ಅಂಗಡಿಗೆ ಹೋದೆ. ಅಲ್ಲಿಯ ಹೆಂಗಸರು ಮೂಲಂಗಿ, ನವಿಲುಕೋಸು ಕೊಂಡು, ಅಲ್ಲೇ ಅದರ ಸೊಪ್ಪು-ತಪ್ಪಲನ್ನು ತಿರುವಿ ಕಿತ್ತು ಒಂದು ಪೆಟ್ಟಿಗೆಗೆ ಎಸೆದು ಹೋಗುತ್ತಿದ್ದರು. ಎಳೆಯ, ಹಸಿರು ತಪ್ಪಲು! ನನ್ನ ಕೈ ತಡೆಯಲಿಲ್ಲ. ನನ್ನ ಬಟ್ಟೆಯ ಚೀಲಕ್ಕೆ ತುಂಬಿಕೊಳ್ಳತೊಡಗಿದೆ. ಅಂಗಡಿಯಾಕೆ ಬಂದು ನಗುತ್ತ ಏನೋ ಕೇಳಿದಳು. ಹಸನ ಎರಡು ಬೆರಳನ್ನು ತಲೆಯ ಮೇಲೆ ಕಿವಿಯ ಹಾಗೆ ಇಟ್ಟು ಕುಣಿಸಿ ತೋರಿಸಿದ. ಎಷ್ಟು ಮೊಲ ಸಾಕಿದ್ದೀರಿ ಎಂದು ಕೇಳಿದ್ದಳಂತೆ. ಅಲ್ಲಿ ಆ ಪೆಟ್ಟಿಗೆ ಇಡುವುದೇ ಮೊಲ ಸಾಕಿದವರಿಗಾಗಿ.

ಒಂದು ಎಂದು ಬೆರಳು ತೋರಿಸಿದೆ. ಕಾಲು ಮುರಿದುಕೊಂಡು ಮಲಗಿದೆ ಎಂದು ನನ್ನ ತೊಡೆಯನ್ನು ತಟ್ಟಿ ತೋರಿಸಿದೆ. ಆಕೆ ಪಾಪ, ಮೊಲಕ್ಕೆಂದು ಎರಡು ಗಜ್ಜರಿ ಹೆಚ್ಚಿಗೆ ಹಾಕಿದಳು.

ಆ ತಪ್ಪಲಿಗೆ ಬೇಳೆ ಹಾಕಿ, ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟು ಪಲ್ಯ ಮಾಡಿದೆ. ವೈನಿಯ ರೊಟ್ಟಿ, ಹಿಂಡಿ. ಮಹಾಂತೇಶ ಮೊಲದ ಕತೆ ಕೇಳುತ್ತ ಉಂಡ. ಬಟ್ಟಲು ಒರೆಸಿ ಉಂಡ. ಆ ದಿನ ಹಸಿ ಕಸದ ಡಬ್ಬಿಯಲ್ಲಿ ಬಳ್ಳೊಳ್ಳಿಯ ಸಿಪ್ಪೆ, ಚಹಾದ ಪುಡಿ ಬಿಟ್ಟರೆ ಏನೂ ಇರಲಿಲ್ಲ. ವೈನಿಯ ಕ್ಯಾರಿಬ್ಯಾಗುಗಳದ್ದೇ ಕಾಟ. ಗಂಟು ಬಿಚ್ಚಿ, ಎಣ್ಣೆ ತೊಳೆದು, ಒಣಗಲು ದಾರದ ಮೇಲೆ ಹಾಕಿದೆ. ಕುಬಸಗಳ ನಡುವೆ ಅವು ಜೋತಾಡುತ್ತಿದ್ದವು.

ಮೆಟ್ಟಿಲು

ಆ ಸೀಮೆಯಲ್ಲಿ ಇನ್ನೊಂದು ಪದ್ಧತಿ. ಮನೆಯ ಮೆಟ್ಟಿಲು, ಮುಂದಿನ ದಾರಿ ಗುಡಿಸುವುದು ಒಂದೊಂದು ವಾರ ಒಂದೊಂದು ಮನೆಯವರ ಪಾಳಿ. ಯಾರ ಪಾಳಿಯೋ ಅವರ ಬಾಗಿಲಿಗೆ ಕಟ್ಟಿಗೆಯ ಸಣ್ಣ ಫಲಕ ತೂಗುಹಾಕುತ್ತಾರೆ. ಒಂದು ದಿನ ಅದು ನಮ್ಮ ಬಾಗಿಲಿಗೆ ಬಂತು. ನನಗೆ ಹುರುಪು ಬಂತು. ಕಸ ಆರಿಸುವುದು ತಿಳಿಯದಿದ್ದರೆ ಹೋಗಲಿ, ಕಸ ಗುಡಿಸುವುದನ್ನು ಯಾರೂ ನನಗೆ ಕಲಿಸಬೇಕಿಲ್ಲ. ಬೆಳಕು ಹರಿಯುತ್ತಲೇ ಎದ್ದು ಮೆಟ್ಟಿಲು ಗುಡಿಸಿದೆ, ಬಾಗಿಲ ಹೊರಗೆ ಇಳಿಯುವ ಪಾವಟಿಗೆ ಗುಡಿಸಿದೆ. ಆಮೇಲೆ, ದಿನವೂ ಅಂಗಳಕ್ಕೆ ಹಾಕುವ ಹಾಗೆ, ಒಂದು ಬಕೀಟು ನೀರು ಚಳ ಹೊಡೆದೆ.

ನೀರು ನನ್ನ ಕಣ್ಣೆದುರಿಗೇ ಗಾಜಾಯಿತು. ನಾನು ಅದನ್ನು ನೋಡುತ್ತ ನಿಂತಿರುವಾಗಲೇ ಫ್ರಾವ್ ಲಿಂಡ್ನರ್ ಪೇಪರು ತರಲು ಬಾಗಿಲು ತೆರೆದರು. ಕೂಗಿದೆ. ಕೂಗಿದ್ದು ಕನ್ನಡದಲ್ಲಿ. "ಬರಬ್ಯಾಡ್ರೀ ಬಾಯಾರ!" ಅವರಿಗೆ ಏನು ತಿಳಿಯಬೇಕು? ಕಾಲಿಟ್ಟರು, ಜಾರಿದರು, ಕೈ ಊರಿ ಕುಸಿದರು.

ಓಡಲೂ ಆಗದೆ, ಕುಳಿತುಕೊಂಡೇ ಪಾವಟಿಗೆಯ ಮೇಲೆ ಸರಿಯುತ್ತ ಹೋಗಿ ಅವರನ್ನು ಹಿಡಿದೆ. ಎಲುಬು ಮುರಿದಿರಲಿಲ್ಲ. ಮಣಿಕಟ್ಟು ಉಳುಕಿ ಬಾತಿತು. ಡಾಕ್ಟರು ದಪ್ಪನೆಯ ಪಟ್ಟಿ ಸುತ್ತಿ ಕಳಿಸಿದರು. ಮೇಲೆ ಮಹಾಂತೇಶ ತಲೆಗೆ ಕೈ ಹಚ್ಚಿ ಕುಳಿತಿದ್ದ.

"ಅಕ್ಕಾ, ಏನ ಮಾಡಿದಿ! ಇನ್ನ ಕಸದ ಮಾತ ಬ್ಯಾಡ, ಇವತ್ತ ಹೊರಗ ಹಾಕ್ತಾರ ನಮ್ಮನ್ನ."

ಅಷ್ಟು ದೂರದಿಂದ ಬಂದು, ಅಷ್ಟು ಚೀಲ ಆರಿಸಿ, ಒಂದು ಬಕೀಟು ನೀರಿನಿಂದ ಎಲ್ಲ ಕೆಡಿಸಿದ್ದೆ. ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟೆ. ಊರಿಗೆ ಹೋಗಬೇಕು ಎನಿಸಿತು. ಊರಿಗೆ ಹೋದರೆ ಅಲ್ಲಿಯೂ ಯಾರಿಗಾದರೂ ಜಡ್ಡಾಗಿರುತ್ತದೆ ಎಂದೂ ಎನಿಸಿತು. ಆಮೇಲೆ ಎದ್ದು, ಮಾಡಿದ್ದ ಸಾರನ್ನು ಪಾತ್ರೆಗೆ ಹಾಕಿಕೊಂಡು ಕೆಳಗೆ ಹೋದೆ. ನನಗೆ ಬರುವುದು ಅದೊಂದೇ.

ಕೆಳಗಿನ ಮನೆ

ಬಾಗಿಲು ತೆರೆದ ಫ್ರಾವ್ ಲಿಂಡ್ನರ್ ನನ್ನನ್ನೂ ಪಾತ್ರೆಯನ್ನೂ ನೋಡಿದರು. ಒಂದೇ ಕೈಯಿಂದ ಪಾತ್ರೆ ಹಿಡಿಯಲು ಬಾರದೆ ಪಕ್ಕಕ್ಕೆ ಸರಿದು ಒಳಗೆ ಬಿಟ್ಟರು. ಅಂದಿನಿಂದ ನನಗೆ ಎರಡು ಮನೆಯ ಪೇಶಂಟುಗಳಾದರು. ಮೇಲೆ ತಮ್ಮನ ಕಾಲು, ಕೆಳಗೆ ಒಡತಿಯ ಕೈ.

ಅವರು ಸ್ಟೂಲಿನ ಮೇಲೆ ಕುಳಿತು ಬೆರಳು ತೋರಿಸುತ್ತಿದ್ದರು, ನಾನು ಮಾಡುತ್ತಿದ್ದೆ. ಬ್ರೆಡ್ಡಿನ ಒಣಗಿದ ತುದಿಯನ್ನು ಎಸೆಯಹೋದರೆ ಕೈ ತಡೆದು ತುರಿಯುವ ಮಣೆ ತೋರಿಸಿದರು. ಹುಡಿ ಮಾಡಿ ಬಾಟಲಿಗೆ ತುಂಬಿಡಬೇಕು, ಪಲ್ಯಕ್ಕೆ ಆಗುತ್ತದೆ. ತತ್ತಿಯ ಕಾಗದದ ಪೆಟ್ಟಿಗೆ ಮತ್ತೆ ತತ್ತಿ ಮಾರುವವಳಿಗೇ ಹೋಗಬೇಕು. ಒಂದು ಗೂಟಕ್ಕೆ ಸುತ್ತಿದ ದಾರಗಳು, ಪೊಟ್ಟಣಗಳಿಂದ ಬಿಚ್ಚಿದ್ದು. ಕಾಗದವನ್ನು ಮಡಿಚಿ ಮತ್ತೆ ಬಳಸುವುದು. ಕೈ ಒರೆಸಲು ಬಟ್ಟೆ, ಕಾಗದವಲ್ಲ. ಒಂದು ವಾರಕ್ಕೆ ಆ ಮನೆಯ ಕಸ ಒಂದು ಬೊಗಸೆ ಆಗುತ್ತಿತ್ತು. ನನಗೆ ಇದಾವುದೂ ಹೊಸದೆನಿಸಲಿಲ್ಲ. ಹೂಲಿಯ ಅಜ್ಜಿಯ ಮನೆಗೆ ಬಂದ ಹಾಗಾಗಿತ್ತು, ಎಮ್ಮೆಯೊಂದೇ ಕಡಿಮೆ.

ಒಂದು ದಿನ ಮಹಾಂತೇಶ ಬಡಿಗೆ ಊರಿಕೊಂಡು ಮೊದಲ ಸಲ ಮೆಟ್ಟಿಲು ಇಳಿದು ಬಂದ. ಮೂವರೂ ಕುಳಿತು ಚಹಾ ಕುಡಿದೆವು. ನಾನು ಅಜ್ಜಿಯ ಮನೆಯ ಬೂದಿ, ಕೌದಿ, ತಿಪ್ಪೆಯ ಸುದ್ದಿ ಹೇಳಿದೆ, ಅವನು ಅದನ್ನು ಜರ್ಮನ್ ಮಾಡಿ ಹೇಳಿದ. ಫ್ರಾವ್ ಲಿಂಡ್ನರ್ ಗಮನವಿಟ್ಟು ಕೇಳಿ ಏನೋ ಕೇಳಿದರು.

"ಏನಂತ?" ಎಂದೆ.

"ಅಷ್ಟೆಲ್ಲಾ ಬರ್ತಿತ್ತಲ್ಲಾ, ಮತ್ತ ಯಾಕ ಬಿಟ್ರಿ ಅಂತ ಕೇಳ್ತಾರ."

ನಾನು ಉತ್ತರ ಹುಡುಕಿದೆ. ಎಮ್ಮೆ ಮಾರಿದೆವು, ಗ್ಯಾಸು ಬಂತು, ಬೂದಿ ಹೋಯಿತು. ಪೇಟೆಯಲ್ಲಿ ಮನೆ ಕಟ್ಟಿದೆವು, ತಿಪ್ಪೆ ಹೋಯಿತು. "ಬಿಟ್ಟೇವಿ ಅಂತ ನಮಗ ಗೊತ್ತಾಗಲಿಲ್ಲ ಅಂತ ಹೇಳು" ಎಂದೆ.

ಅವರು ತಲೆಯಾಡಿಸಿದರು. ತಾವು ಹರೆಯದವರಿದ್ದಾಗ ಯುದ್ಧ ಮುಗಿದ ವರ್ಷ ಬಟಾಟಿಯ ಸಿಪ್ಪೆಯನ್ನೇ ಕುದಿಸಿ ತಿಂದದ್ದನ್ನು ಹೇಳಿದರು. ಅದಕ್ಕೇ ತಮಗೆ ಬಿಡಲು ಆಗಲಿಲ್ಲವಂತೆ. ಆಮೇಲೆ ತಮ್ಮನ ಕಡೆ ತಿರುಗಿ ಮೆಲ್ಲಗೆ ಒಂದು ಮಾತು ಕೇಳಿದರು. ಅವನು ಅದನ್ನು ನನಗೆ ಕೂಡಲೇ ಹೇಳಲಿಲ್ಲ. ಮೇಲೆ ಹೋದ ಮೇಲೆ ಹೇಳಿದ: "ಇಷ್ಟು ದಿನಾ ಯಾಕ ನೀ ಹಂಗಿದ್ದಿ ಅಂತ ಕೇಳಿದ್ರು. ಅವ್ವ ಸತ್ತಿದ್ಲು ಅಂತ ಹೇಳಿದೆ. ಆವಾಗ ಬಾಗಿಲಾ ಬಡದು ಹೇಳಬೇಕಿತ್ತು ಅಂದ್ರು."

ಗಾಡಿ ಬರುವ ದಿನ

ಅಷ್ಟಾದರೂ ಅವರು ತಿಂಗಳ ಗಡುವನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಉಳಿದ ಮನೆಯವರಿಗೆ ಮಾತು ಕೊಟ್ಟಿದ್ದರಂತೆ. ಗಾಡಿ ಬರುವ ಹಿಂದಿನ ದಿನ ನಾನು ಡಬ್ಬಿಯನ್ನು ತಳದವರೆಗೆ ಕೈಹಾಕಿ ನೋಡಿದೆ. ಯಾರೋ ಹಾಕಿದ ಮೊಸರಿನ ಕಪ್ಪಿನ ಬೆಳ್ಳಿ ಮುಚ್ಚಳ ಒಂದು ಸಿಕ್ಕಿತು. ನಮ್ಮದಲ್ಲ, ನಾವು ಮೊಸರು ಮನೆಯಲ್ಲೇ ಹೆಪ್ಪು ಹಾಕುತ್ತಿದ್ದೆವು. ತೆಗೆದೆ, ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಮೂವರೂ ಕೆಳಗಿನ ಮನೆಯ ಕಿಟಕಿಯಲ್ಲಿ ನಿಂತೆವು. ಗಾಡಿ ಬಂತು. ಕಿತ್ತಳೆ ಬಣ್ಣದ ಅಂಗಿಯ ಗಂಡಸು ಇಳಿದು ಮುಚ್ಚಳ ಎತ್ತಿ ಬಗ್ಗಿ ನೋಡಿದ. ಕೋಲಿನಿಂದ ಒಮ್ಮೆ ಕೆದಕಿದ. ಮಹಾಂತೇಶ ಬಡಿಗೆ ಊರಿ ಕಿಟಕಿಗೆ ಬಾಗಿದ. ಆ ಮನುಷ್ಯ ಡಬ್ಬಿಯನ್ನು ಎಳೆದು ಗಾಡಿಗೆ ಸಿಕ್ಕಿಸಿದ. ಡಬ್ಬಿ ಮೇಲೆದ್ದು, ಬೋರಲಾಗಿ, ಖಾಲಿಯಾಗಿ ಕೆಳಗೆ ಬಂತು. ಗಾಡಿ ಮುಂದಿನ ಮನೆಗೆ ಹೋಯಿತು.

ಇಷ್ಟೇ. ಇಷ್ಟಕ್ಕೇ ತಮ್ಮ ಬಡಿಗೆ ಬಿಟ್ಟು ನನ್ನ ಹೆಗಲ ಮೇಲೆ ಬಿದ್ದು ನಕ್ಕ. ಫ್ರಾವ್ ಲಿಂಡ್ನರ್ ನಗಲಿಲ್ಲ. ಒಳಗೆ ಹೋಗಿ ಪಾಳಿಯ ಫಲಕವನ್ನು ತಂದು ಅವನಿಗೆ ತೋರಿಸಿ ಏನೋ ಹೇಳಿದರು.

"ಮುಂದಿನ ತಿಂಗಳಾ ಕಾಲು ಆರಾಮ ಆಗತೈತಿ, ಮೆಟ್ಟಿಲಾ ನೀನ ಗುಡಸಬೇಕು ಅಂತಾರ" ಎಂದ ಮಹಾಂತೇಶ. "ನೀರು ಹಾಕಬಾರದಂತ."

ಮುಂದಿನ ತಿಂಗಳು! ಅಂದರೆ ಮನೆ ಉಳಿಯಿತು.

ಮತ್ತೆ ಬೈಲಹೊಂಗಲ

ಬಂದ ವಾರವೇ ಅಡಿಗೆಮನೆಯಲ್ಲಿ ಎರಡು ಬಕೀಟು ಇಟ್ಟೆ, ಹಸಿಗೊಂದು, ಒಣದಕ್ಕೊಂದು. "ವಿಮಾನ ಹತ್ತಿ ಹೋಗಿ ಕಸಾ ಆರಸೂದ ಕಲ್ತು ಬಂದಾಳ ನಮ್ಮ ನೀಲಾಬಾಯಿ" ಎಂದು ವೈನಿ ಓಣಿಗೆಲ್ಲ ಹೇಳಿದಳು. ಕಸದ ಟ್ರ್ಯಾಕ್ಟರು ಬಂದಾಗ ಎರಡೂ ಬಕೀಟು ಒಯ್ದು ಕೊಟ್ಟೆ. ಟ್ರ್ಯಾಕ್ಟರಿನವನು ಒಂದರ ಮೇಲೊಂದು ಸುರುವಿ, ಕಾಲಿನಿಂದ ಒತ್ತಿ, ಬಕೀಟು ತಿರುಗಿ ಕೊಟ್ಟ. "ಬ್ಯಾರೆ ಬ್ಯಾರೆ ಇತ್ತಲ್ಲೋ ಅದು" ಎಂದೆ. "ಎಲ್ಲಾ ಒಂದ ತೆಗ್ಗಿಗೆ ಹೋಗೂದ್ರೀ ಬಾಯಾರ" ಎಂದ. ಅವನ ಮೇಲೆ ಸಿಟ್ಟೂ ಬರಲಿಲ್ಲ. ಸಿಟ್ಟಾಗಲು ಬೇಕಾದ ಶಕ್ತಿಯೂ ಇರಲಿಲ್ಲ.

ಅಂದಿನಿಂದ ಹಸಿ ಕಸವನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ತೆಗ್ಗು ತೋಡಿ ಹಾಕುತ್ತೇನೆ. ಪೇಟೆಗೆ ಕೈಚೀಲ ಒಯ್ಯುತ್ತೇನೆ, ಮರೆತ ದಿನ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತೇನೆ. ವೈನಿ ಕೆಲವು ಸಲ ಸಿಪ್ಪೆಯನ್ನು ತೆಗ್ಗಿಗೆ ಹಾಕುತ್ತಾಳೆ, ಕೆಲವು ಸಲ ಬೀದಿಗೆ ಹಾಕುತ್ತಾಳೆ. ನಾನು ವಾದಿಸುವುದಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ರವಿವಾರ ಮಹಾಂತೇಶನ ಫೋನು ಬಂತು. ಅಣ್ಣನ ಅಂಗಡಿಗೆ ಹೋಗಿ ಮಾತಾಡಿದೆ. ಹಿಂದೆ ಹಮಾಲರು ಚೀಲ ಒಗೆಯುವ ಗದ್ದಲ.

"ಅಕ್ಕಾ, ಇವತ್ತ ಬಡಿಗಿ ಇಲ್ಲದ ಇಳದು ನಾನ ಕಸಾ ಒಯ್ದು ಹಾಕಿ ಬಂದೆ."

"ಏನೇನ ಇತ್ತು ಅದರಾಗ?" ಎಂದೆ.

ಅವನು ನಕ್ಕ. ನಾನು ನಗಲಿಲ್ಲ. ಆಮೇಲೆ ಒಂದೊಂದೇ ನೆನಪು ಮಾಡಿಕೊಳ್ಳುತ್ತ ಹೇಳಿದ: "ಉಳ್ಳಾಗಡ್ಡಿ ಸಿಪ್ಪಿ... ಬದನಿಕಾಯಿ ತೊಟ್ಟು... ಕೊತ್ತಂಬರಿ ಬೇರು... ಚಹಾಪುಡಿ... ಹಸನ ಉಣ್ಣಾಕ ಬಂದಿದ್ದ, ಅಂವ ತಂದ ನಿಂಬಿಹಣ್ಣಿನ ಸಿಪ್ಪಿ."

"ಅನ್ನಾ?"

"ಅನ್ನಾ ಇರಲಿಲ್ಲಕ್ಕಾ" ಎಂದ. "ಅನ್ನಾ ಎಲ್ಲಾ ಉಂಡ್ವಿ."